ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಕುದುರೆ ದಾರಿ ಉಳಿಸಿಕೊಳ್ಳಲು ಏನು ಮಾಡಬೇಕು?

ಒಂದು ಕುದುರೆ ದಾರಿ ಕೈತಪ್ಪುವುದು ಸಾಮಾನ್ಯವಾಗಿ ಸದ್ದಿಲ್ಲದೆ. "ಕುದುರೆಗೆ ಪ್ರವೇಶವಿಲ್ಲ" ಎಂದು ಬೋರ್ಡ್ ನೆಟ್ಟು ಮುಚ್ಚುವುದು ಅಪರೂಪ. ಚಳಿಗಾಲದ ಗಾಳಿಗೆ ಮರಗಳು ದಾರಿಗೆ ಅಡ್ಡ ಬೀಳುತ್ತವೆ, ಕಡಿಯಲು ಯಾರೂ ಬರುವುದಿಲ್ಲ. ನಡೆದು ಹೋಗುವವರು ದಿಮ್ಮಿ ಹತ್ತಿ ಇಳಿದು ಮುಂದೆ ಸಾಗುತ್ತಾರೆ. ಹೇರು ಹೊತ್ತ ಹೇಸರಗತ್ತೆ ಅಲ್ಲೇ ನಿಲ್ಲುತ್ತದೆ. ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗುತ್ತದೆ, ಹೊಸದನ್ನು ನಡೆಯುವವರ ಅಳತೆಗೆ ಕಟ್ಟುತ್ತಾರೆ. ಟ್ರೇಲ್‌ಹೆಡ್‌ನಲ್ಲಿ ಅಂದರೆ ದಾರಿ ಶುರುವಾಗುವ ಜಾಗದಲ್ಲಿ ಡಾಂಬರು ಹಾಕಿ ಕಾರಿಗೆ ಗೆರೆ ಎಳೆಯುತ್ತಾರೆ, ಕುದುರೆ ಟ್ರೇಲರ್ ತಿರುಗಿಸಲು ಜಾಗ ಉಳಿಯುವುದಿಲ್ಲ. ಸವಾರರು ಬರುವುದು ನಿಲ್ಲುತ್ತದೆ. ಕೆಲವು ವರ್ಷ ಕಳೆದು ಹೊಸ ಯೋಜನೆ ಬರೆಯಲು ಕೂತ ಅಧಿಕಾರಿ "ಇಲ್ಲಿ ಕುದುರೆ ಬಳಕೆ ಇಲ್ಲ" ಎಂದು ಒಂದು ಸಾಲು ಬರೆಯುತ್ತಾರೆ. ಅವರು ಬರೆದದ್ದು ಸುಳ್ಳೂ ಅಲ್ಲ.

ಆ ಸಾಲು ಬರೆಯುವ ಮೊದಲೇ ನಮ್ಮ ಮಾತು ಅವರ ಮೇಜಿನ ಮೇಲೆ ಇರಬೇಕು. ಅದು ಹೇಗೆ ಎಂದು ಹೇಳಲು ಈ ಲೇಖನ. ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಸವಾರಿ ಕಲಿತವರಿದ್ದಾರೆ, ಮಕ್ಕಳನ್ನು ಲಾಯಕ್ಕೆ ಕಳಿಸುವವರಿದ್ದಾರೆ. ಲಾಯದ ಬೇಲಿಯಾಚೆ ಇರುವ ಕಾಡಿನ ದಾರಿಯ ಬಗ್ಗೆ ಮಾತಾಡಲು ತಮಗೂ ಅವಕಾಶ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಇಲ್ಲಿನ ಪೌರರೇ ಆಗಿರಬೇಕೆಂದಿಲ್ಲ. ಸರ್ಕಾರಿ ಭೂಮಿಯ ಯೋಜನೆಗಳಿಗೆ ಎಚ್-1ಬಿ ವೀಸಾದಲ್ಲಿರುವವರೂ ಅಭಿಪ್ರಾಯ ಬರೆಯಬಹುದು.

ಕುದುರೆ ಯಾಕೆ ಬೇಕು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಉತ್ತರ ಸಿದ್ಧವಾಗಿರಲಿ. 1964ರ ವಿಲ್ಡರ್ನೆಸ್ ಕಾಯ್ದೆಯು ವಿಲ್ಡರ್ನೆಸ್ ಎಂದು ಕಾಯ್ದಿಟ್ಟ ಕಾಡುಗಳಲ್ಲಿ ಮೋಟಾರು ವಾಹನಗಳನ್ನೂ ಯಾಂತ್ರಿಕ ಸಾಗಣೆಯನ್ನೂ ನಿಷೇಧಿಸಿತು. ಕುದುರೆ, ಹೇಸರಗತ್ತೆಗಳನ್ನು ನಿಷೇಧಿಸಲಿಲ್ಲ. ಅಂಥ ಕಾಡಿನ ಒಳಗೆ ಸೇತುವೆಯ ತೊಲೆ, ಗರಗಸ, ಕೆಲಸದವರ ಊಟದ ಸಾಮಾನು ಇವತ್ತಿಗೂ ಹೇಸರಗತ್ತೆಯ ಬೆನ್ನ ಮೇಲೆಯೇ ಹೋಗುತ್ತವೆ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದ ವಸತಿಗೃಹ ಫ್ಯಾಂಟಮ್ ರ‍್ಯಾಂಚ್‌ಗೆ ಸಾಮಾನು ಇಳಿಸುವುದೂ ಅವೇ. ಇನ್ನೊಂದು ಕಾರಣ ನನಗೆ ಅಷ್ಟೇ ಮುಖ್ಯ. ಮಂಡಿ ಸವೆದವರು, ವಯಸ್ಸಾದವರು, ಹೆಚ್ಚು ನಡೆಯಲಾಗದವರು ಇಂಥ ಕಾಡಿನ ಒಳಭಾಗವನ್ನು ನೋಡಬೇಕಾದರೆ ಬೇರೆ ದಾರಿ ಬಹಳ ಇಲ್ಲ.

ಜಾಗ ಯಾರದು, ಅಲ್ಲಿನ ಮೂಲ ನಿಯಮ ಏನು

ಅಮೆರಿಕದ ಕೇಂದ್ರ ಸರ್ಕಾರದ ಕೈಯಲ್ಲಿ ಸುಮಾರು 64 ಕೋಟಿ ಎಕರೆ ಭೂಮಿ ಇದೆ. ದೇಶದ ನೆಲದ ಕಾಲು ಭಾಗಕ್ಕೂ ಜಾಸ್ತಿ. ಇದರಲ್ಲಿ ಬಹುಪಾಲನ್ನು ನೋಡಿಕೊಳ್ಳುವುದು ನಾಲ್ಕು ಸಂಸ್ಥೆಗಳು. ಹೊರಗಿನಿಂದ ಎಲ್ಲ ಕಾಡೂ ಒಂದೇ ಥರ ಕಾಣುತ್ತದೆ. ಕುದುರೆಯ ವಿಷಯದಲ್ಲಿ ಅವುಗಳ ನಿಯಮ ತೀರಾ ಬೇರೆ ಬೇರೆ.

ಫಾರೆಸ್ಟ್ ಸರ್ವಿಸ್ ಕೃಷಿ ಇಲಾಖೆಗೆ ಸೇರಿದ್ದು. ಅದರ ಕಾಡುಗಳಲ್ಲಿ ಮುಚ್ಚಿದೆ ಎಂದು ಆದೇಶ ಇಲ್ಲದಿದ್ದರೆ ಸಾಮಾನ್ಯವಾಗಿ ಕುದುರೆ ಹೋಗಬಹುದು. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರೂ ಬಿಎಲ್‌ಎಂ ಎನ್ನುವುದು, ಅಲ್ಲೂ ಹೆಚ್ಚುಕಡಿಮೆ ಹೀಗೆಯೇ. ನ್ಯಾಷನಲ್ ಪಾರ್ಕ್ ಸರ್ವಿಸ್‌ನಲ್ಲಿ ಉಲ್ಟಾ. ಪಾರ್ಕಿನವರು ಕುದುರೆಗೆಂದು ಗುರುತಿಸಿದ ದಾರಿ ಮತ್ತು ಜಾಗ ಬಿಟ್ಟು ಬೇರೆಡೆ ಹೋಗುವಂತಿಲ್ಲ. ನಡೆಯುವವರ ಹತ್ತಿರ ಹಾಯುವಾಗ ಕುದುರೆ ನಿಧಾನ ನಡಿಗೆಗಿಂತ ವೇಗವಾಗಿ ಹೋಗಬಾರದು ಎಂದು ಕೂಡ ಅಲ್ಲಿನ ನಿಯಮ ಹೇಳುತ್ತದೆ. ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್‌ನ ವನ್ಯಜೀವಿ ಧಾಮಗಳು ಇನ್ನೂ ಬಿಗಿ. ಅಲ್ಲಿ ಪ್ರಾಣಿಗಳಿಗೆ ತೊಂದರೆ ಇಲ್ಲ ಎಂದು ತೀರ್ಮಾನಿಸಿ ಬಾಗಿಲು ತೆರೆದ ಮೇಲಷ್ಟೇ ಯಾವುದೇ ವಿಹಾರಕ್ಕೆ ಅವಕಾಶ.

ಇದನ್ನು ತಿಳಿಯದೆ ವಾದ ಮಾಡಿದರೆ ಮೊದಲ ಮಾತಿಗೇ ಸೋಲುತ್ತೇವೆ. ಫಾರೆಸ್ಟ್ ಸರ್ವಿಸ್ ಬಳಿ "ಯಾಕೆ ಮುಚ್ಚುತ್ತಿದ್ದೀರಿ, ಕಾರಣ ಕೊಡಿ" ಎಂದು ಕೇಳಬಹುದು. ಧಾಮದಲ್ಲಿ "ಯಾಕೆ ತೆರೆಯಬಹುದು" ಎಂದು ನಾವೇ ತೋರಿಸಬೇಕು.

ಇನ್ನೊಂದು ಕಹಿ ಸತ್ಯ: ಸರ್ಕಾರಿ ಭೂಮಿಯಲ್ಲಿ ಸವಾರಿ ಮಾಡುವುದು ಕಾನೂನು ಕೊಟ್ಟ ಸಾರ್ವತ್ರಿಕ ಹಕ್ಕಲ್ಲ. ಬಹಳಷ್ಟು ವಿಷಯ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. "ನಮ್ಮಜ್ಜನ ಕಾಲದಿಂದ ಇಲ್ಲಿ ಕುದುರೆ ಇದೆ" ಎಂಬುದು ಒಳ್ಳೆಯ ಮಾತು, ಆದರೆ ಅದೊಂದೇ ಸಾಲದು.

ಟ್ರೇಲ್‌ನ ದಾಖಲೆ ಹಾಳೆ ಕೇಳಿ ಪಡೆಯಿರಿ

ಇದು ಬಹಳ ಸವಾರರಿಗೆ ಗೊತ್ತಿಲ್ಲದ ಹೆಜ್ಜೆ. ಫಾರೆಸ್ಟ್ ಸರ್ವಿಸ್ ತನ್ನ ಟ್ರೇಲ್‌ಗಳಿಗೆ ಟ್ರೇಲ್ ಮ್ಯಾನೇಜ್‌ಮೆಂಟ್ ಆಬ್ಜೆಕ್ಟಿವ್ಸ್ ಎಂಬ ಹಾಳೆ ಇಟ್ಟಿರುತ್ತದೆ. ಆ ದಾರಿಯಲ್ಲಿ ಯಾರ ಬಳಕೆಗೆ ಎಂದು ನಿರ್ವಹಣೆ ನಡೆಯುತ್ತದೆ, ಯಾರ ಅಳತೆಗೆ ದಾರಿ ಇರಬೇಕು ಎಂಬುದು ಅದರಲ್ಲಿರುತ್ತದೆ. ಯಾರ ಅಳತೆ ಎಂಬ ಕಡೆ "ಪ್ಯಾಕ್ ಅಂಡ್ ಸ್ಯಾಡಲ್" (ಹೇರಿನ ಮತ್ತು ಸವಾರಿಯ ಪ್ರಾಣಿ) ಎಂದಿದ್ದರೆ ಕೊಂಬೆ ಸವರುವ ಎತ್ತರ, ದಾರಿಯ ಅಗಲ, ಸೇತುವೆಯ ಬಲ ಎಲ್ಲವೂ ಕುದುರೆಗೆ ತಕ್ಕಂತೆ ಆಗಬೇಕು. ಜೀನಿನ ಮೇಲೆ ಕೂತವರ ತಲೆಗೆ ಕೊಂಬೆ ತಾಗದಿರಲು ಸುಮಾರು 10 ಅಡಿ ಎತ್ತರ ಬೇಕು. ಅದೇ ಜಾಗದಲ್ಲಿ "ಹೈಕರ್" ಎಂದಿದ್ದರೆ ಕುದುರೆ ನಿಷೇಧವಿಲ್ಲದಿದ್ದರೂ ದಾರಿ ವರ್ಷ ವರ್ಷಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಕೆಲಸದವರ ತಪ್ಪಲ್ಲ ಅದು. ಹಾಳೆಯಲ್ಲಿ ಇದ್ದಷ್ಟೇ ಅವರು ಮಾಡುತ್ತಾರೆ.

ಹತ್ತಿರದ ರೇಂಜರ್ ಕಚೇರಿಗೆ ಒಂದು ಸಣ್ಣ ಇಮೇಲ್ ಬರೆಯಿರಿ. ಟ್ರೇಲ್‌ನ ಹೆಸರು, ನಂಬರು ಹಾಕಿ ಈ ಹಾಳೆಯ ಪ್ರತಿ ಕೇಳಿ. ಸುಮ್ನೆ ಕೇಳಿದರೇ ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅರ್ಜಿ ಹಾಕಬಹುದು. ಅದು ಎರಡನೇ ದಾರಿ, ಮೊದಲನೆಯದಲ್ಲ.

ಈ ಹಾಳೆಯಲ್ಲಿ ಒಂದು ಪದ ಬದಲಾಯಿಸಲು ಪಟ್ಟ ಶ್ರಮ ಹತ್ತು ಪ್ರತಿಭಟನೆಗಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಕಾಗದಗಳ ಮೇಲೆ ಕಣ್ಣಿಡಿ

ಸರ್ಕಾರ ಕಾಡಿನಲ್ಲಿ ಏನೇ ದೊಡ್ಡ ಬದಲಾವಣೆ ಮಾಡುವ ಮೊದಲು ಅದರ ಪರಿಣಾಮವನ್ನು ಪರಿಶೀಲಿಸಬೇಕು. 1970ರಿಂದ ಜಾರಿಯಲ್ಲಿರುವ ನೇಪಾ ಎಂಬ ಕಾನೂನಿನ ಕಟ್ಟಳೆ ಇದು. ಆ ಪರಿಶೀಲನೆಯ ಹಂತದಲ್ಲೇ ಜನರ ಮಾತಿಗೆ ಜಾಗ.

ಫಾರೆಸ್ಟ್ ಸರ್ವಿಸ್‌ನ ಪ್ರತಿ ಕಾಡೂ ಮುಂದೆ ಮಾಡಲಿರುವ ಕೆಲಸಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹಾಕುತ್ತದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಇದಕ್ಕೆ ಸೋಪಾ ಎನ್ನುತ್ತಾರೆ. ಬಿಎಲ್‌ಎಂ ಕೆಲಸಗಳು ಇ-ಪ್ಲ್ಯಾನಿಂಗ್ ಎಂಬ ತಾಣದಲ್ಲಿ, ಪಾರ್ಕ್ ಸರ್ವಿಸ್ ಕೆಲಸಗಳು ಪೆಪ್ಕ್ ಎಂಬ ತಾಣದಲ್ಲಿ ಸಿಗುತ್ತವೆ. ನಿಮ್ಮ ಕಾಡಿನ ಮೇಲಿಂಗ್ ಲಿಸ್ಟ್‌ಗೆ ಹೆಸರು ಕೊಡಿ. ಕ್ಯಾಲೆಂಡರ್‌ನಲ್ಲಿ ಆ ನಾಲ್ಕು ತಿಂಗಳಿಗೆ ಗುರುತು ಹಾಕಿಕೊಳ್ಳಿ.

ಪಟ್ಟಿ ಓದುವಾಗ "ಕುದುರೆ" ಎಂಬ ಪದ ಹುಡುಕಿ ನಿಲ್ಲಿಸಬೇಡಿ. ನಮಗೆ ಏಟು ಬೀಳುವ ಕೆಲಸಗಳಲ್ಲಿ ಆ ಪದವೇ ಇರುವುದಿಲ್ಲ. ಟ್ರೇಲ್‌ಹೆಡ್ ನವೀಕರಣ, ಸೇತುವೆ ಬದಲಾವಣೆ, ರಸ್ತೆ ಮುಚ್ಚುವಿಕೆ, ಕ್ಯಾಂಪ್‌ಗ್ರೌಂಡ್ ದುರಸ್ತಿ, ಹೊಸ ಪರ್ಮಿಟ್ ಪದ್ಧತಿ, ಕಾಡ್ಗಿಚ್ಚಿನ ನಂತರದ ಮುಚ್ಚುವ ಆದೇಶ: ಇವನ್ನು ಬಿಡದೆ ಓದಿ. ಟ್ರಕ್ ಮತ್ತು ಮೂರು ಕುದುರೆಯ ಟ್ರೇಲರ್ ಸೇರಿದರೆ ಉದ್ದ 40 ಅಡಿ ದಾಟುವುದು ಮಾಮೂಲು. ಹಿಂದಕ್ಕೆ ತೆಗೆಯದೆ ನೇರ ಒಳಬಂದು ನೇರ ಹೊರಹೋಗುವ ನಿಲುಗಡೆ ನಕ್ಷೆಯಲ್ಲಿ ಇಲ್ಲದಿದ್ದರೆ ಆ ಟ್ರೇಲ್ ನಮಗೆ ಮುಚ್ಚಿದ ಹಾಗೆಯೇ.

ಎಲ್ಲಕ್ಕಿಂತ ಮೇಲಿನ ಕಾಗದ ಇಡೀ ಕಾಡಿನ ಪ್ಲ್ಯಾನ್. 1976ರ ಕಾನೂನಿನ ಪ್ರಕಾರ ಪ್ರತಿ ರಾಷ್ಟ್ರೀಯ ಅರಣ್ಯಕ್ಕೂ ಇಂಥ ಪ್ಲ್ಯಾನ್ ಇರಬೇಕು. ಅದನ್ನು ಹದಿನೈದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದಿದೆ, ನಿಜಕ್ಕೂ ಇನ್ನೂ ತಡವಾಗುತ್ತದೆ. ನಂತರ ಬರುವ ಎಲ್ಲ ಸಣ್ಣ ಕೆಲಸವೂ ಇದಕ್ಕೆ ಹೊಂದಿಕೊಳ್ಳಬೇಕು. ಗದ್ದೆಗೆ ನೀರು ಬಿಡುವ ಮೊದಲೇ ಬದು ಕಟ್ಟುವ ಹಾಗೆ, ಪ್ಲ್ಯಾನ್ ಬರೆಯುವಾಗಲೇ "ಪ್ಯಾಕ್ ಸ್ಟಾಕ್ (ಹೇರು ಹೊರುವ ಪ್ರಾಣಿ) ಬಳಕೆಯನ್ನು ಉಳಿಸಿಕೊಳ್ಳಲಾಗುವುದು" ಎಂಬ ಸಾಲು ಬರುವಂತೆ ನೋಡಿಕೊಳ್ಳಿ. ಆಮೇಲೆ ಒಂದೊಂದು ಸೇತುವೆಗೂ ಜಗಳ ಆಡುವ ಕಷ್ಟ ಕಡಿಮೆ.

ಒಂದು ಎಚ್ಚರಿಕೆ. 2025ರಲ್ಲಿ ನೇಪಾ ನಿಯಮಗಳು ದೊಡ್ಡ ಮಟ್ಟದಲ್ಲಿ ಬದಲಾದವು. ಹಳೆಯ ಕೈಪಿಡಿಗಳಲ್ಲಿ "ಇಷ್ಟು ದಿನ ಕಾಮೆಂಟ್ ಅವಧಿ ಖಂಡಿತ ಇರುತ್ತದೆ" ಎಂದಿದ್ದರೆ ನಂಬಿ ಕೂರಬೇಡಿ. ಆ ಕೆಲಸದ ಪ್ರಕಟಣೆಯಲ್ಲಿ ಬರೆದ ದಿನಾಂಕವೇ ಲೆಕ್ಕ. ಎರಡನೇ ಸುತ್ತು ಬರುತ್ತದೆ ಎಂದು ಕಾಯದೆ ಮೊದಲ ಸುತ್ತಿನಲ್ಲೇ ಪೂರ್ತಿ ಬರೆಯಿರಿ.

ಕಾಮೆಂಟ್ ಬರೆಯುವುದು

ಕರ್ನಾಟಕದಲ್ಲಿ ಗಣಿಗೋ ಅಣೆಕಟ್ಟಿಗೋ ನಡೆಯುವ ಸಾರ್ವಜನಿಕ ಅಹವಾಲು ಸಭೆ ನೋಡಿದವರು ಇಲ್ಲೂ ಎದ್ದು ನಿಂತು ಗಟ್ಟಿಯಾಗಿ ಮಾತಾಡಬೇಕು ಎಂದುಕೊಳ್ಳುತ್ತಾರೆ. ಇಲ್ಲಿ ತೂಕ ಇರುವುದು ಬರಹಕ್ಕೆ. ಓಪನ್ ಹೌಸ್ ಸಭೆಯಲ್ಲಿ ಬಾಯಿಮಾತಲ್ಲಿ ಹೇಳಿದ್ದು ಎಷ್ಟೋ ಸಲ ಗಾಳಿಗೆ ಹೋಗುತ್ತದೆ. ಹೇಳಿದ್ದನ್ನೇ ಮನೆಗೆ ಬಂದು ಬರೆದು ಕಳಿಸಿ.

ಕಾಮೆಂಟ್ ಎಂದರೆ ಮತ ಹಾಕುವುದಲ್ಲ. ಒಂದೇ ಪತ್ರವನ್ನು ನೂರು ಜನ ಕಳಿಸಿದರೂ ಅಧಿಕಾರಿಗಳು ಅದನ್ನು ಒಂದೇ ವಾದ ಎಂದು ಕಟ್ಟಿಡುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ವಿಷಯ ತಿಳಿಸಿದ ಒಂದೇ ಪತ್ರಕ್ಕೆ ಅವರು ಉತ್ತರ ಹುಡುಕಬೇಕಾಗುತ್ತದೆ.

ಹೀಗೆ ಬರೆದರೆ ಪ್ರಯೋಜನವಿಲ್ಲ:

"ನಾವು ಕುದುರೆ ಸವಾರರು. ತಲೆತಲಾಂತರದಿಂದ ಇಲ್ಲಿ ಸವಾರಿ ನಡೆದಿದೆ. ದಯವಿಟ್ಟು ನಮ್ಮ ದಾರಿ ಕಿತ್ತುಕೊಳ್ಳಬೇಡಿ."

ಹೀಗೆ ಬರೆದರೆ ಪ್ರಯೋಜನವಿದೆ:

"ನಾನು ಪ್ರತಿ ಬೇಸಿಗೆ ಈ ಟ್ರೇಲ್‌ನಲ್ಲಿ ಎರಡು ಕುದುರೆ, ಒಂದು ಹೇಸರಗತ್ತೆಯೊಂದಿಗೆ ಹೋಗುತ್ತೇನೆ. ನಿಮ್ಮ ಕರಡಿನ 14ನೇ ಪುಟದ ನಕ್ಷೆಯಲ್ಲಿ ಹೊಸ ಸೇತುವೆಯ ಅಗಲ 3 ಅಡಿ ಎಂದಿದೆ. ಎರಡೂ ಪಕ್ಕ ಪೆಟ್ಟಿಗೆ ಕಟ್ಟಿದ ಹೇಸರಗತ್ತೆ ಇದರಲ್ಲಿ ಹಾಯುವುದಿಲ್ಲ. ಅಳತೆಯ ಫೋಟೋ ಲಗತ್ತಿಸಿದ್ದೇನೆ. ಈ ಟ್ರೇಲ್‌ನ ದಾಖಲೆ ಹಾಳೆಯಲ್ಲಿ ಪ್ಯಾಕ್ ಅಂಡ್ ಸ್ಯಾಡಲ್ ಎಂದಿದೆ, ನಕ್ಷೆ ಅದಕ್ಕೆ ಹೊಂದುವುದಿಲ್ಲ. ಸೇತುವೆಯನ್ನು ಅಗಲ ಮಾಡಿ. ಅದು ದುಬಾರಿಯಾದರೆ ಸೇತುವೆಯ ಪಕ್ಕದಲ್ಲಿ ಹಳ್ಳ ದಾಟುವ ಹಳೆಯ ಇಳಿಜಾರನ್ನು ಗಟ್ಟಿ ಕಲ್ಲಿನ ತಳ ಹಾಕಿ ಉಳಿಸಿ. ಇವೆರಡನ್ನೂ ಪರ್ಯಾಯವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಕಲ್ಲು ಸಾಗಿಸಲು ನಮ್ಮ ಪ್ರಾಣಿಗಳನ್ನು ತರಲು ಸಿದ್ಧ."

ಎರಡನೆಯದರಲ್ಲಿ ಏನೇನಿದೆ ನೋಡಿ. ಬರೆದವರು ಯಾರು, ಎಲ್ಲಿ ಓಡಾಡುತ್ತಾರೆ, ಯಾವ ಪುಟದ ಬಗ್ಗೆ ಮಾತು, ತೊಂದರೆ ಏನು, ಪುರಾವೆ ಏನು, ಏನು ಮಾಡಬೇಕು, ಅದಾಗದಿದ್ದರೆ ಇನ್ನೇನು ಮಾಡಬಹುದು. ಕೊನೆಯಲ್ಲಿ ಕೈಜೋಡಿಸುವ ಮಾತು. ಕೋಪ ಇಲ್ಲ, ಗೋಗರೆಯುವುದೂ ಇಲ್ಲ. ಒಪ್ಪಿಗೆಯಾದ ಭಾಗವನ್ನು ಒಪ್ಪಿದ್ದೇನೆ ಎಂದೂ ಬರೆಯಿರಿ. ಎಷ್ಟೋ ಸಲ ಒಳ್ಳೆಯ ಅಂಶಕ್ಕೆ ಯಾರೂ ಬೆಂಬಲ ಬರೆಯದೆ, ವಿರೋಧ ಬಂದಾಗ ಅದೇ ಮೊದಲು ಬಿದ್ದುಹೋಗುತ್ತದೆ.

ಇಂಗ್ಲಿಷ್‌ನಲ್ಲಿ ಬರೆಯಬೇಕು, ಆದರೆ ಚಂದದ ಇಂಗ್ಲಿಷ್ ಬೇಕಿಲ್ಲ. ನೀವು ಕಳಿಸಿದ್ದು ಸಾರ್ವಜನಿಕ ದಾಖಲೆಯಾಗುತ್ತದೆ, ಹೆಸರು ಸಮೇತ. ಫೋನ್ ನಂಬರು, ಮನೆಯ ವಿವರ ಪತ್ರದ ಒಳಗೆ ಬರೆಯಬೇಡಿ. ಕಳಿಸಿದ ದಿನ, ಸ್ವೀಕೃತಿ ಇಮೇಲ್, ಪತ್ರದ ಪ್ರತಿ ಮೂರನ್ನೂ ಒಂದೇ ಕಡೆ ಇಡಿ. ಯಾಕೆಂದರೆ ಮುಂದಿನ ಹೆಜ್ಜೆ ಅದರ ಮೇಲೇ ನಿಂತಿದೆ.

ಆಕ್ಷೇಪಣೆ

ಫಾರೆಸ್ಟ್ ಸರ್ವಿಸ್‌ನಲ್ಲಿ ಅಂತಿಮ ತೀರ್ಮಾನಕ್ಕೆ ಮುಂಚೆ ಆಬ್ಜೆಕ್ಷನ್ ಎಂಬ ಹಂತ ಇರುತ್ತದೆ, ಎಲ್ಲ ಕೆಲಸಕ್ಕೂ ಅಲ್ಲ, ದೊಡ್ಡ ಪರಿಶೀಲನೆ ನಡೆದವಕ್ಕೆ. ಮೊದಲು ಲಿಖಿತವಾಗಿ ಕಾಮೆಂಟ್ ಕೊಟ್ಟವರು ಮಾತ್ರ ಇಲ್ಲಿ ಆಕ್ಷೇಪ ಎತ್ತಬಹುದು. ಎತ್ತುವ ವಿಷಯವೂ ಮೊದಲು ಬರೆದದ್ದೇ ಆಗಿರಬೇಕು, ನಂತರ ಹೊಸ ಮಾಹಿತಿ ಬಂದಿದ್ದರೆ ಅದು ಬೇರೆ ಮಾತು. ಆಗ ಸುಮ್ಮನಿದ್ದು ಈಗ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ಬಿಎಲ್‌ಎಂನ ದೊಡ್ಡ ಪ್ಲ್ಯಾನ್‌ಗಳಿಗೆ 30 ದಿನಗಳ ಪ್ರೊಟೆಸ್ಟ್ ಅವಧಿ ಇದೆ. ಪಾರ್ಕ್ ಸರ್ವಿಸ್‌ನಲ್ಲಿ ಇಂಥ ಮೆಟ್ಟಿಲೇ ಇಲ್ಲ. ಅಲ್ಲಿ ಕಾಮೆಂಟ್ ದಾಟಿದರೆ ಮುಂದಿನದು ಕೋರ್ಟು.

ಆಕ್ಷೇಪಣೆ ಓದುವವರು ಸಾಮಾನ್ಯವಾಗಿ ಮೇಲಿನ ಹಂತದ ಅಧಿಕಾರಿ. ಸಂಬಂಧಪಟ್ಟವರನ್ನು ಕೂರಿಸಿ ರಾಜಿ ಮಾಡಿಸುವ ಅಧಿಕಾರವೂ ಅವರಿಗಿದೆ. ಆದ್ದರಿಂದ "ಇಡೀ ಯೋಜನೆ ರದ್ದು ಮಾಡಿ" ಎಂದು ಬರೆಯುವುದಕ್ಕಿಂತ "ಈ ಎರಡು ಸಾಲು ಹೀಗೆ ಬದಲಾದರೆ ನನ್ನ ಆಕ್ಷೇಪ ಇಲ್ಲ" ಎಂದು ಬರೆಯಿರಿ. ಅದೇ ಕೈಗೂಡುವುದು.

ರೇಂಜರ್‌ನ ಪರಿಚಯ

ಕಾಡಿನ ನಿಮ್ಮ ವಿಭಾಗದ ಉಸ್ತುವಾರಿ ಹೊತ್ತ ರೇಂಜರ್ ಮತ್ತು ಅವರ ಕೈಕೆಳಗೆ ವಿಹಾರದ ಕೆಲಸ ನೋಡುವ ಸಿಬ್ಬಂದಿ, ಇವರಿಬ್ಬರ ಹೆಸರು ನಿಮಗೆ ಗೊತ್ತಿರಬೇಕು. ಜಗಳ ಇಲ್ಲದ ದಿನಗಳಲ್ಲೇ ಭೇಟಿ ಮಾಡಿ. 2025ರಲ್ಲಿ ಫಾರೆಸ್ಟ್ ಸರ್ವಿಸ್ ಬಹಳ ಸಿಬ್ಬಂದಿಯನ್ನು ಕಳೆದುಕೊಂಡಿತು. ಉಳಿದವರ ತಲೆ ಮೇಲೆ ಜಾಸ್ತಿ ಕೆಲಸ. ಅವರಲ್ಲಿ ಎಷ್ಟೋ ಜನ ಕುದುರೆ ಏರಿದವರೇ ಅಲ್ಲ. ಟ್ರೇಲರ್ ಎಷ್ಟು ಜಾಗ ತಿನ್ನುತ್ತದೆ ಎಂದು ನಕ್ಷೆ ನೋಡಿ ತಿಳಿಯುವುದಿಲ್ಲ, ಅಲ್ವಾ? ಟ್ರೇಲ್‌ಹೆಡ್‌ಗೆ ಬರಹೇಳಿ. ಟ್ರೇಲರ್ ತಂದು ಅವರೆದುರೇ ತಿರುಗಿಸಿ ತೋರಿಸಿ. ಅಳತೆಪಟ್ಟಿ ಅವರ ಕೈಗೇ ಕೊಡಿ.

ಹೋಗುವಾಗ ಒಂದೇ ಬೇಡಿಕೆ ಇರಲಿ. ಹತ್ತು ದೂರು ಹೊತ್ತು ಹೋದರೆ ಯಾವುದೂ ಆಗುವುದಿಲ್ಲ.

ಗರಗಸ ಹಿಡಿಯಿರಿ

2013ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಫಾರೆಸ್ಟ್ ಸರ್ವಿಸ್‌ನ ದಾರಿಗಳ ಬಗ್ಗೆ ವರದಿ ಕೊಟ್ಟಿತು. ಇರುವುದು ಸುಮಾರು 1,58,000 ಮೈಲಿ ದಾರಿ. ಅದರಲ್ಲಿ ಸಂಸ್ಥೆಯದೇ ಮಟ್ಟಕ್ಕೆ ಸರಿಯಾಗಿದ್ದದ್ದು ಕಾಲು ಭಾಗ ಮಾತ್ರ. ಬಾಕಿ ಬಿದ್ದ ದುರಸ್ತಿಯ ಅಂದಾಜು 31 ಕೋಟಿ ಡಾಲರ್‌ಗೂ ಮೇಲೆ. ಇದರ ಬೆನ್ನಿಗೇ 2016ರಲ್ಲಿ ಸ್ವಯಂಸೇವಕರ ಪಾತ್ರ ಹೆಚ್ಚಿಸುವ ಕಾನೂನು ಬಂತು. ಅದಕ್ಕಾಗಿ ಓಡಾಡಿದವರಲ್ಲಿ ಕುದುರೆಯವರೂ ನಡಿಗೆಯವರೂ ಒಟ್ಟಿಗೇ ಇದ್ದರು.

ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. 1973ರಲ್ಲಿ ಮೊಂಟಾನಾದ ಫ್ಲ್ಯಾಟ್‌ಹೆಡ್ ಕಣಿವೆಯಲ್ಲಿ ಇದು ಶುರುವಾಯಿತು. ಹತ್ತಿರದಲ್ಲೇ ಬಾಬ್ ಮಾರ್ಷಲ್ ವಿಲ್ಡರ್ನೆಸ್, ಹತ್ತು ಲಕ್ಷ ಎಕರೆಗೂ ದೊಡ್ಡ ಕಾಡು. ಆ ಸವಾರರು ಹಕ್ಕಿನ ಮಾತಿನ ಜೊತೆಗೆ ಕೆಲಸವನ್ನೂ ಹಿಡಿದರು. ದಾರಿ ಬಿಡಿಸಿದರು, ಸರ್ಕಾರಿ ಕೆಲಸದವರ ಸಾಮಾನನ್ನು ಹೇಸರಗತ್ತೆ ಮೇಲೆ ಹೊತ್ತು ತಲುಪಿಸಿದರು. ಕುದುರೆ ಕಾಡನ್ನು ಕೆಡಿಸದ ಹಾಗೆ ಹೇಗೆ ಇರಬೇಕೆಂದು ತಮ್ಮವರಿಗೇ ಕಲಿಸಿದರು. ಈಗ ಅದಕ್ಕೆ ಹಲವು ರಾಜ್ಯಗಳಲ್ಲಿ ಶಾಖೆಗಳಿವೆ. ನಿಮ್ಮ ಹತ್ತಿರದ ಶಾಖೆ ಸೇರಿಕೊಳ್ಳಿ. ಸ್ವಂತ ಕುದುರೆ ಇಲ್ಲದವರಿಗೂ ಕೆಲಸ ಇರುತ್ತದೆ: ಅಡುಗೆ, ನಕ್ಷೆ, ಗಂಟೆಗಳ ಲೆಕ್ಕ, ಕಾಮೆಂಟ್ ಬರಹ. ಸಾಫ್ಟ್‌ವೇರ್‌ನಲ್ಲಿ ಇರುವ ನಮ್ಮ ಜನ ಬಿದ್ದ ಮರಗಳ ಜಾಗವನ್ನು ಜಿಪಿಎಸ್ ಫೋಟೋ ಸಮೇತ ನಕ್ಷೆಗೆ ಹಾಕಿಕೊಟ್ಟರೆ ರೇಂಜರ್‌ಗೆ ಅದು ದೊಡ್ಡ ಉಪಕಾರ.

ಕೆಲಸಕ್ಕೆ ಮೊದಲು ಫಾರೆಸ್ಟ್ ಸರ್ವಿಸ್‌ನೊಂದಿಗೆ ಸ್ವಯಂಸೇವಕ ಒಪ್ಪಂದಕ್ಕೆ ಸಹಿ ಹಾಕಿ. ಆ ಸಹಿ ಇದ್ದರೆ ಕೆಲಸದ ವೇಳೆ ಗಾಯವಾದಾಗ ಸರ್ಕಾರಿ ನೌಕರರ ಪರಿಹಾರ ವ್ಯವಸ್ಥೆ ನಿಮಗೂ ಅನ್ವಯಿಸುತ್ತದೆ. ವಿಲ್ಡರ್ನೆಸ್ ಒಳಗೆ ಚೈನ್‌ಸಾ ನಡೆಯುವುದಿಲ್ಲ, ಇಬ್ಬರು ಎಳೆಯುವ ಉದ್ದ ಗರಗಸವೇ ಗತಿ. ಎರಡಕ್ಕೂ ತರಬೇತಿ, ಪ್ರಮಾಣಪತ್ರ ಬೇಕು. ಒಪ್ಪಿಗೆ ಇಲ್ಲದೆ ಹೋಗಿ ಮರ ಕಡಿಯಬೇಡಿ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಆದರೂ.

ಗಂಟೆಗಳನ್ನು ಬರೆದಿಡಿ. ಮನೆಯಿಂದ ಹೋಗಿಬಂದ ಸಮಯ, ಪ್ರಾಣಿಗಳ ಸಂಖ್ಯೆ, ಸಾಗಿಸಿದ ಹೇರಿನ ತೂಕ. ಮುಂದೆ ಅದೇ ಟ್ರೇಲ್ ಬಗ್ಗೆ ಕಾಮೆಂಟ್ ಬರೆಯುವಾಗ ಈ ಲೆಕ್ಕ ನಿಮ್ಮ ಪುರಾವೆ. "ಇಲ್ಲಿ ಕುದುರೆ ಬಳಕೆ ಇಲ್ಲ" ಎಂದು ಆಗ ಯಾರೂ ಬರೆಯಲಾರರು.

ನಮ್ಮ ಲದ್ದಿ, ನಮ್ಮ ಗೊರಸು

ನಡೆಯುವವರ ದೂರುಗಳಲ್ಲಿ ಹುರುಳಿದೆ. ಸಾವಿರ ಪೌಂಡ್ ತೂಕದ ಪ್ರಾಣಿ ಲಾಳ ಹಾಕಿದ ಸಣ್ಣ ಗೊರಸಿನ ಮೇಲೆ ನಿಲ್ಲುತ್ತದೆ. ಒದ್ದೆ ನೆಲದಲ್ಲಿ ಒಬ್ಬ ನಡೆಯುವವರಿಗಿಂತ ಹೆಚ್ಚು ಗುಂಡಿ ಬೀಳುತ್ತದೆ. ಲದ್ದಿಯಲ್ಲಿ ಹೊರಗಿನ ಕಳೆಬೀಜ ಬರುತ್ತದೆ. ಇದನ್ನೆಲ್ಲ ಅಲ್ಲಗಳೆಯುವವರ ಮಾತನ್ನು ಅಧಿಕಾರಿಗಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಆದ್ದರಿಂದ ಕಳೆಬೀಜ ಇಲ್ಲವೆಂದು ಪ್ರಮಾಣೀಕರಿಸಿದ ಹುಲ್ಲನ್ನೇ ಒಯ್ಯಿರಿ. ಪಶ್ಚಿಮದ ಅನೇಕ ಕಡೆ ಅದು ಕಡ್ಡಾಯವೇ. ಹೊರಡುವ ಮೂರು ನಾಲ್ಕು ದಿನ ಮೊದಲೇ ಅದೇ ಹುಲ್ಲು ತಿನ್ನಿಸಲು ಶುರುಮಾಡಿ, ಹೊಟ್ಟೆಯಲ್ಲಿರುವ ಹಳೆಯ ಬೀಜ ಮನೆಯಲ್ಲೇ ಹೊರಬೀಳಲಿ. ರಾತ್ರಿ ಮರದ ಬುಡಕ್ಕೆ ಕಟ್ಟಬೇಡಿ. ಕುದುರೆ ನೆಲ ಕೆರೆದು ಬೇರು ಹೊರಗೆ ತರುತ್ತದೆ. ಎರಡು ಮರಗಳ ನಡುವೆ ತಲೆಯ ಮೇಲಿನ ಎತ್ತರಕ್ಕೆ ಹಗ್ಗ ಎಳೆದು, ತೊಗಟೆಗೆ ಅಗಲ ಪಟ್ಟಿ ಸುತ್ತಿ, ಆ ಹಗ್ಗಕ್ಕೆ ಕಟ್ಟಿ. ನೀರಿನಿಂದ 200 ಅಡಿ ದೂರ ಇರಲಿ. ಬೆಳಗ್ಗೆ ಲದ್ದಿಯನ್ನು ಚದುರಿಸಿ, ಕೆರೆದ ಗುಂಡಿ ಮುಚ್ಚಿ ಹೊರಡಿ. ಟ್ರೇಲ್‌ಹೆಡ್‌ನಲ್ಲಿ ಟ್ರೇಲರ್ ಗುಡಿಸಿದ ಲದ್ದಿಯನ್ನು ವಾಪಸ್ ಮನೆಗೆ ತನ್ನಿ. ಮಣ್ಣು ಕೆಸರಾಗಿದ್ದರೆ ಆ ವಾರ ಹೋಗಬೇಡಿ.

ಗುಂಪಿನ ಮಿತಿ ನೋಡಿಕೊಳ್ಳಿ. ವಾಷಿಂಗ್ಟನ್ ರಾಜ್ಯದ ಆಲ್ಪೈನ್ ಲೇಕ್ಸ್ ವಿಲ್ಡರ್ನೆಸ್‌ನಲ್ಲಿ ಜನ, ಪ್ರಾಣಿ ಎಲ್ಲ ಸೇರಿ 12 ದಾಟುವಂತಿಲ್ಲ. ಆರು ಜನ, ಆರು ಕುದುರೆ ಆದರೆ ಅಲ್ಲಿಗೆ ಮುಗಿಯಿತು.

ದಾರಿಯಲ್ಲಿ ನಡೆಯುವವರು ಎದುರಾದರೆ ನೀವೇ ಮೊದಲು ಮಾತಾಡಿಸಿ. ಇಳಿಜಾರಿನ ಕೆಳಬದಿಗೆ ನಿಂತು ಮಾತಾಡುತ್ತಿರಲು ಹೇಳಿ. ಮಾತು ಕೇಳಿದರೆ ಬೆನ್ನುಚೀಲದ ಆಕಾರ ನೋಡಿ ಬೆದರಿದ ಕುದುರೆಗೂ ಅದು ಮನುಷ್ಯ ಎಂದು ತಿಳಿಯುತ್ತದೆ. ಕಾರಣ ಹೇಳಿದರೆ ಜನ ಖುಷಿಯಿಂದ ಜಾಗ ಬಿಡುತ್ತಾರೆ.

ಒಂದು ಪ್ರಕರಣ: ಸಿಕೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್

ಕ್ಯಾಲಿಫೋರ್ನಿಯಾದ ಈ ಎರಡು ಪಾರ್ಕ್‌ಗಳ ಹೆಚ್ಚಿನ ಭಾಗ ವಿಲ್ಡರ್ನೆಸ್. ಅಲ್ಲಿ ಬಾಡಿಗೆಗೆ ಕುದುರೆ, ಹೇಸರಗತ್ತೆ ಒದಗಿಸುವ ಪ್ಯಾಕರ್‌ಗಳು ಬಹಳ ಕಾಲದಿಂದ ಇದ್ದಾರೆ. ಹೈ ಸಿಯೆರಾ ಹೈಕರ್ಸ್ ಅಸೋಸಿಯೇಷನ್ ಎಂಬ ನಡಿಗೆಯವರ ಸಂಘ ಪಾರ್ಕ್ ಸರ್ವಿಸ್ ವಿರುದ್ಧ ಕೋರ್ಟಿಗೆ ಹೋಯಿತು. 2012ರಲ್ಲಿ ಕೋರ್ಟು ಸಂಘದ ವಾದವನ್ನು ಒಪ್ಪಿತು. ವಿಲ್ಡರ್ನೆಸ್‌ನಲ್ಲಿ ವ್ಯಾಪಾರದ ಸೇವೆ ಬೇಕೆಂದರೆ ಅದು ಎಷ್ಟರ ಮಟ್ಟಿಗೆ ಅಗತ್ಯ ಎಂದು ಸಂಸ್ಥೆ ಲೆಕ್ಕ ಹಾಕಿ ಬರೆಯಬೇಕು. 2007ರ ಪ್ಲ್ಯಾನ್‌ನಲ್ಲಿ ಆ ಲೆಕ್ಕ ಸರಿಯಾಗಿ ಇರಲಿಲ್ಲ. ಬೇಸಿಗೆ ಹತ್ತಿರ ಬಂದಿತ್ತು, ಪ್ಯಾಕರ್‌ಗಳ ಪರ್ಮಿಟ್ ಅತಂತ್ರವಾಯಿತು. ಆಗ ಸಂಸತ್ತು ಇದೊಂದಕ್ಕಾಗಿಯೇ ಕಾನೂನು ಮಾಡಿತು. ಅದೇ ವರ್ಷದ ಜೂನ್‌ನಲ್ಲಿ ಅಧ್ಯಕ್ಷರ ಸಹಿ ಬಿತ್ತು, ಪರ್ಮಿಟ್‌ಗಳು ಮುಂದುವರಿದವು. 2015ರಲ್ಲಿ ಪಾರ್ಕ್‌ಗಳು ಹೊಸ ವಿಲ್ಡರ್ನೆಸ್ ಪ್ಲ್ಯಾನ್ ಮುಗಿಸಿದವು.

ಇದನ್ನು "ಸಂಸತ್ತಿಗೆ ಹೋದರೆ ಎಲ್ಲ ಸರಿಹೋಗುತ್ತದೆ" ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಪಾರ್ಕ್‌ನವರು ಕುದುರೆಯ ಪರವಾಗಿಯೇ ಇದ್ದರು. ಆದರೂ ಕಾಗದ ಗಟ್ಟಿ ಇಲ್ಲದ್ದರಿಂದ ಒಂದು ಬೇಸಿಗೆ ಪೂರ್ತಿ ಹೋಗುವುದರಲ್ಲಿತ್ತು. ಅಧಿಕಾರಿ ನಮ್ಮ ಕಡೆ ಇದ್ದಾರೆ ಎಂದು ಸಮಾಧಾನ ಪಡದೆ, ಅಗತ್ಯದ ಲೆಕ್ಕ ಬರೆದಿದ್ದೀರಾ, ಹುಲ್ಲುಗಾವಲು ಎಷ್ಟು ತಡೆಯುತ್ತದೆ ಎಂದು ಅಳೆದಿದ್ದೀರಾ ಎಂದು ಕಾಮೆಂಟ್‌ನಲ್ಲಿ ನಾವೇ ಕೇಳಬೇಕು. ಆ ಲೆಕ್ಕದಿಂದ ಕೆಲವು ಹುಲ್ಲುಗಾವಲುಗಳಲ್ಲಿ ಮೇಯಿಸುವುದು ನಿಲ್ಲಬಹುದು. ಆದರೂ ಕೇಳಬೇಕು.

ವಿರೋಧ ಇರುವವರೊಂದಿಗೂ ಮಾತು ಬಿಡಬೇಡಿ. ನಡಿಗೆಯವರಿಗೂ ಸೈಕಲ್‌ನವರಿಗೂ ಬಿದ್ದ ಮರ, ಕುಸಿದ ದಾರಿ ಅಷ್ಟೇ ಕಷ್ಟ. ಒಂದು ದಿನ ಒಟ್ಟಿಗೆ ದಾರಿ ರಿಪೇರಿ ಮಾಡಿದರೆ ಮುಂದಿನ ಸಭೆಯ ಸ್ವರವೇ ಬದಲಾಗುತ್ತದೆ.

ಹಣದ ವಿಷಯಕ್ಕೆ ಜನಪ್ರತಿನಿಧಿ

ಒಂದು ಸೇತುವೆಯ ಅಗಲಕ್ಕಾಗಿ ಸಂಸದರ ಬಳಿ ಓಡಬೇಡಿ. ರೇಂಜರ್ ಜೊತೆಗಿನ ನಂಟು ಕೆಡುತ್ತದೆ. ಅವರ ಬಳಿ ಹೋಗಬೇಕಾದ್ದು ಮುಖ್ಯವಾಗಿ ಹಣಕ್ಕೆ. 2020ರ ಗ್ರೇಟ್ ಅಮೆರಿಕನ್ ಔಟ್‌ಡೋರ್ಸ್ ಕಾಯ್ದೆ ಬಾಕಿ ದುರಸ್ತಿಗೆ ಐದು ವರ್ಷ, ವರ್ಷಕ್ಕೆ ಗರಿಷ್ಠ 190 ಕೋಟಿ ಡಾಲರ್ ಕೊಟ್ಟಿತು. ಅಂಥ ಹಣದಲ್ಲಿ ಟ್ರೇಲ್‌ಗಳಿಗೂ ಪಾಲು ಬೇಕೆಂದು ಕೇಳುವವರು ಬೇಕು. ರಾಜ್ಯಗಳ ಮೂಲಕ ಬರುವ ರಿಕ್ರಿಯೇಷನಲ್ ಟ್ರೇಲ್ಸ್ ಪ್ರೋಗ್ರಾಂ ಅನುದಾನದಿಂದ ಕುದುರೆ ಟ್ರೇಲ್‌ಹೆಡ್ ಕಟ್ಟಿಸಿದ ಉದಾಹರಣೆಗಳಿವೆ. ಊರಿನ ಕಚೇರಿಯಲ್ಲಿ ಸರ್ಕಾರಿ ಭೂಮಿಯ ವಿಷಯ ನೋಡುವ ಸಿಬ್ಬಂದಿಯನ್ನು ಭೇಟಿ ಮಾಡಿ. ಒಂದು ಪುಟ ಸಾಕು.

ತೀರ್ಮಾನ ಬಂದ ಮೇಲೆ

ತೀರ್ಮಾನದ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಕುದುರೆಗೆ ಸಂಬಂಧಿಸಿದ ಸಾಲುಗಳಿಗೆ ಗುರುತು ಹಾಕಿ. ನಿಮ್ಮ ಕಾಮೆಂಟ್‌ಗೆ ಏನು ಉತ್ತರ ಕೊಟ್ಟಿದ್ದಾರೆ ಎಂದು ಓದಿ, ಒಪ್ಪಿಕೊಂಡಿದ್ದರೆ ರೇಂಜರ್‌ಗೆ ಧನ್ಯವಾದ ಬರೆಯಿರಿ. ದಾರಿಯ ದಾಖಲೆ ಹಾಳೆಯಲ್ಲೂ ಆ ಬದಲಾವಣೆ ಬಂದಿದೆಯೇ ಎಂದು ಕೇಳಿ. ಬರದಿದ್ದರೆ ಮುಂದೆ ಬರುವ ಸಿಬ್ಬಂದಿಗೆ ತೀರ್ಮಾನದ ನೆನಪೇ ಇರುವುದಿಲ್ಲ. ಕಟ್ಟುವ ಕೆಲಸ ಗುತ್ತಿಗೆಗೆ ಹೋದಾಗ ನಕ್ಷೆ ಮತ್ತೆ ಬದಲಾಗುವುದುಂಟು. ಅಡಿಪಾಯ ಹಾಕುವ ಮುಂಚೆ ಒಮ್ಮೆ ಹೋಗಿ ಅಳತೆಪಟ್ಟಿ ಹಿಡಿದು ನೋಡಿ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಅದನ್ನು ಅಗಲ ಮಾಡಿಕೊಡುವುದಿಲ್ಲ.